ಜೆಸಿಬಿ ನೋಡುವವರು ಲಕ್ಷ, ಕಲಿಸುವವರು ಯಾರು?

ನಮ್ಮೂರಲ್ಲಿ ಜೆಸಿಬಿ ಬಂದು ನಿಂತರೆ ಸಾಕು, ಸುತ್ತ ಜನ ಸೇರುತ್ತಾರೆ. ಅವಸರದಲ್ಲಿ ಹೊರಟವರೂ ಬಕೆಟ್ ನಾಲ್ಕು ಸಲ ಮಣ್ಣು ಬಗೆಯುವುದನ್ನು ನೋಡಿಯೇ ಮುಂದೆ ಹೋಗುತ್ತಾರೆ. 2019ರ ಮೇ ತಿಂಗಳಲ್ಲಿ ಈ ಚಟವೇ ‘ಜೆಸಿಬಿ ಕೀ ಖುದಾಯಿ’ ಎಂಬ ಹ್ಯಾಷ್‌ಟ್ಯಾಗ್ ಆಗಿ ದೇಶವನ್ನೆಲ್ಲ ನಗಿಸಿತ್ತು. ಆಗ ಹೈಸ್ಕೂಲಿನಲ್ಲಿದ್ದ ನಾನೂ ಅಂಥ ವಿಡಿಯೊಗಳನ್ನು ಫಾರ್ವರ್ಡ್ ಮಾಡಿದವನೇ. ಈಗ ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ಆ ನಗು ಹಳೆಯದಾಗಿದೆ, ವಿಡಿಯೊಗಳು ಮಾತ್ರ ನಿಂತಿಲ್ಲ.

ಇವನ್ನು ಮಜಾಕ್ಕಾಗಿ ನೋಡುವವರ ನಡುವೆ, ಕೆಲಸ ಕಲಿಯಲು ನೋಡುವವರೂ ಇದ್ದಾರೆ. ನನ್ನ ಚಿಕ್ಕಪ್ಪನ ಮಗ ಅಂಥವರಲ್ಲಿ ಒಬ್ಬ. ಐಟಿಐ ಮುಗಿಸಿದ ಅವನು, ನಮ್ಮ ಕಡೆ ಎಲ್ಲರೂ ‘ಹಿಟಾಚಿ’ ಎಂದೇ ಕರೆಯುವ ಎಕ್ಸ್‌ಕವೇಟರಿಗೆ ಹೆಲ್ಪರ್ ಆಗಿ ಸೇರಿದ. ರಾತ್ರಿಯೆಲ್ಲ ಮೊಬೈಲಿನಲ್ಲಿ ನೋಡಿದ ಧೈರ್ಯದ ಮೇಲೆ ಒಂದು ದಿನ ಸೀಟಿನಲ್ಲಿ ಕೂತು, ಬೂಮ್ ಮೇಲೇಳಲಿ ಎಂದು ಎಡಗೈ ಲಿವರ್ ಎಳೆದ. ಬೂಮ್ ಏಳಲಿಲ್ಲ, ಆರ್ಮ್ ಮಡಚಿಕೊಂಡು ಬಕೆಟ್ ಕ್ಯಾಬಿನ್ ಕಡೆಗೇ ಬಂತು. ಪಕ್ಕದಲ್ಲಿದ್ದ ಆಪರೇಟರ್ ಅಣ್ಣ ಕೂಗಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು.

ಕಾರಣ ಸರಳ. ಎಕ್ಸ್‌ಕವೇಟರ್ ಲಿವರ್‌ಗಳಿಗೆ ಮುಖ್ಯವಾಗಿ ಎರಡು ಮಾದರಿಗಳಿವೆ. ಐಎಸ್‌ಒ ಮಾದರಿಯಲ್ಲಿ ಬೂಮ್ ಬಲಗೈಯಲ್ಲಿ, ಆರ್ಮ್ ಎಡಗೈಯಲ್ಲಿ. ಎಸ್‌ಎಇ ಮಾದರಿಯಲ್ಲಿ ಇದು ಅದಲು ಬದಲು. ತಮ್ಮ ನೋಡಿದ್ದು ಒಂದು, ಕೂತಿದ್ದು ಇನ್ನೊಂದು. ವಿಡಿಯೊದಲ್ಲಿ ಅದನ್ನು ಹೇಳಿರಲಿಲ್ಲ, ಹಾಡು ಮಾತ್ರ ಇತ್ತು.

ಹೆಚ್ಚಿನ ವಿಡಿಯೊಗಳ ಕತೆ ಇದೇ. ವೀಕ್ಷಣೆ ಬರುವುದು ಗುಡ್ಡ ಕುಸಿಯುವ, ಯಂತ್ರ ಕೆಸರಿನಲ್ಲಿ ಹೂತುಹೋಗುವ ದೃಶ್ಯಗಳಿಗೆ. ಬೆಳಿಗ್ಗೆ ಎಂಜಿನ್ ಆಯಿಲ್, ಕೂಲೆಂಟ್, ಹೈಡ್ರಾಲಿಕ್ ಆಯಿಲ್ ನೋಡುವುದು, ಹೋಸ್ ಸೋರುತ್ತಿದೆಯೇ ಎಂದು ಪರೀಕ್ಷಿಸುವುದು, ಪಿನ್‌ಗಳಿಗೆ ಗ್ರೀಸ್ ಹೊಡೆಯುವುದು ಯಾರಿಗೆ ಬೇಕು? ಆದರೆ ಕಲಿಯುವವನಿಗೆ ಬೇಕಾಗಿರುವುದು ಅದೇ. ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ, ಯಂತ್ರ ತಿರುಗುವ ಸುತ್ತಳತೆಯೊಳಗೆ ಯಾರಾದರೂ ನಿಂತಿದ್ದಾರೆಯೇ, ಇಳಿಯುವ ಮೊದಲು ಬಕೆಟ್ ನೆಲಕ್ಕೆ ಊರಿದ್ದೇನೆಯೇ – ಇವನ್ನು ಮರೆತರೆ ಹೋಗುವುದು ಜೀವ.

ಬಿಇಎಂಎಲ್ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲಿ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ. ಯಂತ್ರಗಳು ನಮ್ಮ ನೆಲದಲ್ಲೇ ತಯಾರಾಗುತ್ತವೆ. ಅವನ್ನು ನಡೆಸುವ ಪಾಠವನ್ನು ಕನ್ನಡದಲ್ಲಿ ಹುಡುಕಿದಾಗ ಮಾತ್ರ ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಹಾಗಾಗಿ ಕಳೆದ ರಜೆಯಲ್ಲಿ ತಮ್ಮ, ನಾನು, ಆಪರೇಟರ್ ಅಣ್ಣ ಸೇರಿ ಎಂಟು ನಿಮಿಷದ ವಿಡಿಯೊ ಮಾಡಿದೆವು. ಅಣ್ಣನ ಎರಡೂ ಕೈ ಮತ್ತು ಹೊರಗಿನ ಬಕೆಟ್ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಮೊಬೈಲ್ ಕಟ್ಟಿದೆವು. ಯಾವ ಯಂತ್ರ, ಯಾವ ಮಾದರಿಯ ಲಿವರ್ ಎಂದು ಮೊದಲೇ ಹೇಳಿದೆವು. ಹಾಡು ಹಾಕಲಿಲ್ಲ, ಎಂಜಿನ್ ಸದ್ದೂ ಒಂದು ಪಾಠವೇ. ಪಾಸ್ಕಲ್ ನಿಯಮ ಬರೆದು ನಾನು ಅಂಕ ಪಡೆದಿದ್ದೆ. ಆದರೆ ಹೈಡ್ರಾಲಿಕ್ ಆಯಿಲ್ ತಣ್ಣಗಿರುವಾಗ ಯಂತ್ರಕ್ಕೆ ಒಮ್ಮೆಲೇ ಭಾರ ಕೊಡಬಾರದು ಎಂದು ಗೊತ್ತಾದದ್ದು ಎಸ್ಎಸ್ಎಲ್‌ಸಿ ದಾಟದ ಆ ಅಣ್ಣನಿಂದ. ನೋಡಿದವರು ಇನ್ನೂ ಮುನ್ನೂರು ದಾಟಿಲ್ಲ. ಬೇಸರವಿಲ್ಲ.

ವಿಡಿಯೊ ನೋಡಿದ ಮಾತ್ರಕ್ಕೆ ಯಾರೂ ಆಪರೇಟರ್ ಆಗುವುದಿಲ್ಲ, ನಿಜ. ಈಜು ಕಲಿಯಲು ನೀರಿಗೆ ಇಳಿಯಲೇಬೇಕು. ಅನುಭವಿ ಪಕ್ಕದಲ್ಲಿದ್ದು ಕಲಿಸಬೇಕು, ಪರವಾನಗಿ ಪಡೆಯಬೇಕು. ಆದರೆ ಮೊದಲ ದಿನ ಸೀಟಿನಲ್ಲಿ ಕೂರುವ ಹುಡುಗನಿಗೆ ಏನು ಮುಟ್ಟಬಾರದು ಎಂಬುದಾದರೂ ಗೊತ್ತಿರಬೇಕಲ್ಲವೇ?

ಗೆಳೆಯರೇ, ಮುಂದಿನ ಸಲ ಜೆಸಿಬಿ ಎದುರು ಮೊಬೈಲ್ ಎತ್ತಿದಾಗ ದೂರದಲ್ಲಿ ನಿಂತೇ ಚಿತ್ರೀಕರಿಸಿ. ಕೆಲಸ ಮುಗಿದ ಮೇಲೆ ಆಪರೇಟರ್ ಬಳಿ ಹೋಗಿ, ‘ಅಣ್ಣಾ, ಇದನ್ನು ಹೇಗೆ ಮಾಡಿದಿರಿ?’ ಎಂದು ಕೇಳಿ. ಅವರ ಉತ್ತರವನ್ನೂ ವಿಡಿಯೊಗೆ ಸೇರಿಸಿ. ಯಾವುದೋ ಊರಿನ ಹುಡುಗನೊಬ್ಬ ಅದಕ್ಕಾಗಿಯೇ ಹುಡುಕುತ್ತಿರುತ್ತಾನೆ.