ಚಂದಾವರಕರರು ನಮ್ಮವರಲ್ಲವೇ?

ನ್ಯಾಯಮೂರ್ತಿ ನಾರಾಯಣ ಗಣೇಶ ಚಂದಾವರಕರರ ಬದುಕನ್ನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮಕ್ಕಳಿಗೆ ಹೇಳಿಕೊಡಬೇಕು ಎಂದಾಗಲೆಲ್ಲ ಆಕ್ಷೇಪಗಳು ಏಳುತ್ತವೆ. ಅವಕ್ಕೆ ಉತ್ತರ ಕೊಡುವ ಹೊತ್ತು ಬಂದಿದೆ.

‘ಅವರು ಮುಂಬಯಿಯವರು, ನಮಗೇನು ಸಂಬಂಧ?’ ಎಂಬುದು ಮೊದಲನೆಯದು. 1901ರಲ್ಲಿ ಚಂದಾವರಕರರು ಮುಂಬಯಿ ಹೈಕೋರ್ಟಿನ ಪೀಠವೇರಿದರು. ಆಗ ಶಿಗ್ಗಾವಿ ಬಂಕಾಪುರ ತಾಲೂಕಿನ ಕಚೇರಿಯ ಊರು, ಹಿರೇಕೆರೂರು ಕೋಡ ತಾಲೂಕಿನದು. ಹಾನಗಲ್ಲ ಸೇರಿ ಇವೆಲ್ಲ ಧಾರವಾಡ ಜಿಲ್ಲೆಯವು. ವತನದ ಜಗಳ, ದತ್ತಕದ ತಕರಾರು, ಅಣ್ಣತಮ್ಮಂದಿರ ವಾಟ್ನಿ ಧಾರವಾಡದಲ್ಲಿ ಬಗೆಹರಿಯದಿದ್ದರೆ ಕಾಗದಪತ್ರ ಕಟ್ಟಿಕೊಂಡು ಅಪೀಲಿಗೆ ಹೋಗಬೇಕಾದದ್ದು ಮುಂಬಯಿಗೇ. ನಮ್ಮ ಹಿರಿಯರ ಹೊಲಮನೆಯ ಹಣೆಬರಹ ಬರೆಯುತ್ತಿದ್ದ ಕೋರ್ಟು ಪರವೂರಿನದು ಹೇಗಾದೀತು? ಸವಣೂರಿನ ಮಟ್ಟಿಗೆ ಮಾತ್ರ ಆಕ್ಷೇಪ ಸರಿ. ಅದು ನವಾಬರ ಸಂಸ್ಥಾನ. 1948ರವರೆಗೆ ಅದರ ವ್ಯವಸ್ಥೆಯೇ ಬೇರೆ.

‘ಮನೆಮಾತು ಕೊಂಕಣಿ, ಕನ್ನಡಿಗರಲ್ಲ’ ಎನ್ನುವವರಿದ್ದಾರೆ. ಆದರೆ ಚಂದಾವರಕರರು 1855ರಲ್ಲಿ ಹುಟ್ಟಿದ್ದು ಹೊನ್ನಾವರದಲ್ಲಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರಿಬ್ಬರೂ ಕನ್ನಡದಲ್ಲಿ ಬರೆದರಲ್ಲ ಎಂದರೆ ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ಇತಿಹಾಸದ ಪಾಠದಲ್ಲಿ ಜಾಗ, ಪದ್ಯಪುಸ್ತಕದಲ್ಲಲ್ಲ.

ಎಲ್ಲಕ್ಕಿಂತ ನೋಯಿಸುವುದು ‘ತಿಲಕರನ್ನು ಜೈಲಿಗೆ ಕಳಿಸಿದವರು’ ಎಂಬ ಆರೋಪ. ಇದು ಶುದ್ಧ ತಪ್ಪು. 1908ರಲ್ಲಿ ರಾಜದ್ರೋಹದ ಮೊಕದ್ದಮೆ ನಡೆಸಿ ತಿಲಕರಿಗೆ 6 ವರ್ಷದ ಗಡೀಪಾರು ವಿಧಿಸಿದವರು ನ್ಯಾಯಮೂರ್ತಿ ದಿನಶಾ ದಾವರ್. ಚಂದಾವರಕರರ ಮುಂದೆ ಬಂದದ್ದು ತಾಯಿ ಮಹಾರಾಜ ಪ್ರಕರಣ. ಪುಣೆಯ ಬಾಬಾ ಮಹಾರಾಜರ ಮೃತ್ಯುಪತ್ರಕ್ಕೆ ತಿಲಕರು ವಿಶ್ವಸ್ತರು. ವಿಧವೆ ತಾಯಿ ಮಹಾರಾಜರು ಮಾಡಿಕೊಂಡ ದತ್ತಕ ನಿಜವೋ ಅಲ್ಲವೋ ಎಂಬುದು ವ್ಯಾಜ್ಯ. 1910ರಲ್ಲಿ ಚಂದಾವರಕರ ಮತ್ತು ಹೀಟನ್ ತಿಲಕರ ಪಕ್ಷದ ವಿರುದ್ಧ ತೀರ್ಪಿತ್ತರು. ತಿಲಕರು ಆಗ ಮಂಡಾಲೆಯ ಸೆರೆಯಲ್ಲಿದ್ದರು. 1915ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಿರುಗಿಸಿ ತಿಲಕರ ಕಡೆಯನ್ನೇ ಎತ್ತಿಹಿಡಿಯಿತು. ಚಂದಾವರಕರರು ಇಲ್ಲಿ ಎಡವಿದರು ಎಂದೇ ನಾನೂ ಎಣಿಸುತ್ತೇನೆ. ಇದನ್ನೂ ಮಕ್ಕಳಿಗೆ ಹೇಳಬೇಕು. ಆದರೆ ದತ್ತಕದ ದಾವೆಯಲ್ಲಿ ತಪ್ಪಿದ ಒಬ್ಬರ ತಲೆಗೆ ಇನ್ನೊಬ್ಬರು ಕೊಟ್ಟ ಗಡೀಪಾರಿನ ಶಿಕ್ಷೆಯನ್ನು ಕಟ್ಟುವುದು ಯಾವ ನ್ಯಾಯ?

‘ಬ್ರಿಟಿಷರ ಬಂಟ’ ಎಂಬ ಮಾತು ಉಳಿಯಿತು. 1910ರಲ್ಲಿ ಸರ್ ಪದವಿ ಪಡೆದದ್ದು ನಿಜ, ಗಾಂಧೀಜಿಯವರ ಅಸಹಕಾರವನ್ನು ಬಹಿರಂಗವಾಗಿ ವಿರೋಧಿಸಿದ್ದೂ ನಿಜ. ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಸೀಮೆ ನಮ್ಮದು. ಇಲ್ಲಿ ಈ ಮಾತು ಚುಚ್ಚುವುದು ಸಹಜ. ಆದರೂ 1885ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಮತದಾರರ ಮುಂದೆ ಭಾರತದ ಅಹವಾಲು ಇಟ್ಟ ಮೂವರಲ್ಲಿ ಇವರೊಬ್ಬರು. 1900ರ ಲಾಹೋರ್ ಕಾಂಗ್ರೆಸ್ಸಿಗೆ ಇವರೇ ಅಧ್ಯಕ್ಷರು. ಮಿತವಾದಿ ಎನ್ನಿ, ಬಂಟ ಎನ್ನಬೇಡಿ.

ಕೊನೆಗೆ ಮೊದಲ ಆಕ್ಷೇಪಕ್ಕೇ ಮರಳೋಣ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರ ಅಕ್ಟೋಬರಿನಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದರ ಅಧ್ಯಕ್ಷತೆ ವಹಿಸಿದ್ದು, ಹೈಕೋರ್ಟಿನ ಪೀಠದಲ್ಲಿದ್ದಾಗಲೇ, ಈ ಹೊನ್ನಾವರದ ಚಂದಾವರಕರರು. ಮುಂದೆ ಆ ಮಿಷನ್ನಿನ ಶಾಖೆ ಹುಬ್ಬಳ್ಳಿಗೂ ಬಂತು. ‘ನಮಗೇನು ಸಂಬಂಧ’ ಎಂದವರು ಆ ಶಾಖೆಯನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ?