ದೇವರ ಕೋಪವೂ ಮನುಷ್ಯನ ಮರುಕವೂ

ದೇವರಿಗೆ ಕೋಪವುಂಟೆ, ಮರುಕವುಂಟೆ? ಇದು ಪಂಡಿತರ ಕಾಲಹರಣದ ಪ್ರಶ್ನೆಯೆಂದು ಕಚೇರಿಯ ಕಾರ್ಯಭಾರದಲ್ಲಿರುವ ಮಹಾಶಯರು ಎಣಿಸಬಹುದು. ಆದರೆ ದೀನನೊಬ್ಬನು ಅರ್ಜಿ ಹಿಡಿದು ಕಣ್ಣೀರಿಡುತ್ತ ಎದುರಿಗೆ ನಿಂತಾಗ ಅಧಿಕಾರಿಯು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೂ ಈ ಪ್ರಶ್ನೆಗೂ ಹತ್ತಿರದ ಸಂಬಂಧವುಂಟು. ರೋಮನ್ ಸಾಮ್ರಾಜ್ಯದಲ್ಲಿ ಎದುರುಬದುರಾಗಿ ನಿಂತ ಎರಡು ದರ್ಶನಗಳೇ ಇದಕ್ಕೆ ಸಾಕ್ಷಿ.

ಕ್ರಿ. ಪೂ. 300ರ ಸುಮಾರಿಗೆ ಜೀನೋ ಎಂಬಾತನು ಅಥೆನ್ಸ್ ನಗರದ ಚಿತ್ರಮಂಟಪದಲ್ಲಿ ಬೋಧಿಸತೊಡಗಿದ ಸ್ಟೋಯಿಕ್ ದರ್ಶನದಂತೆ, ದೇವರೆಂದರೆ ಜಗತ್ತನ್ನೆಲ್ಲ ಒಳಹೊಕ್ಕು ನಡೆಸುವ ವಿವೇಕ. ಅದಕ್ಕೆ ಉದ್ವೇಗವಿಲ್ಲ. ಮಾನವನ ಬುದ್ಧಿಯು ಅದರ ಅಂಶವೇ ಆದುದರಿಂದ ಜ್ಞಾನಿಯೂ ಅವಿಚಲನಾಗಿರತಕ್ಕದ್ದು. ಹದಿನೆಂಟು ವರ್ಷದ ಚಕ್ರವರ್ತಿ ನೀರೋವಿಗೆಂದು ಬರೆದ ಗ್ರಂಥದಲ್ಲಿ ಗುರು ಸೆನೆಕನು ಕ್ಷಮೆಯನ್ನು ಬಹಳವಾಗಿ ಹೊಗಳಿ, ಮರುಕವನ್ನು ಮಾತ್ರ ಮನಸ್ಸಿನ ದೋಷವೆಂದು ಕಳೆದನು. ಹಡಗೊಡೆದವನಿಗೆ ಕೈಗೊಡುವುದು, ದೇಶಭ್ರಷ್ಟನಿಗೆ ಆಶ್ರಯವೀಯುವುದು ಕರ್ತವ್ಯ. ಅವರೊಡನೆ ಅಳುವುದು ದೌರ್ಬಲ್ಯ.

ಕ್ರೈಸ್ತರ ದೇವರಾದರೋ ತಂದೆ. ಲಾಜರನ ಗೋರಿಯ ಬಳಿ ಯೇಸುವು ಕಣ್ಣೀರಿಟ್ಟನೆಂದು ಯೋಹಾನನ ಸುವಾರ್ತೆಯಲ್ಲಿದೆ. ಇದನ್ನು ನಂಬಿದವರಿಗೆ ಮರುಕವು ದೋಷವಾಗುವುದೆಂತು? ನ್ಯಾಯಕ್ಕೆ ಲೋಪ ಬಾರದಂತೆ ನೆರವಿಗೆ ಪ್ರೇರಿಸುವ ಮರುಕವು ವಿವೇಕಕ್ಕೆ ಅಧೀನವೇ ಹೊರತು ವಿರೋಧಿಯಲ್ಲವೆಂದು ಐದನೆಯ ಶತಮಾನದಲ್ಲಿ ಅಗಸ್ಟೀನನು ವಾದಿಸಿದನು. ನಮ್ಮ ಅಭಿಪ್ರಾಯವೂ ಅದೇ. ನಿಯಮದಂತೆ ಪರಿಹಾರ ಕೊಟ್ಟರೂ ತಲೆಯೆತ್ತಿ ನೋಡದ ಅಧಿಕಾರಿಯನ್ನು ಕಂಡವರು ಇದನ್ನು ಒಪ್ಪದಿರಲಾರರು.

ಆದರೆ ತಂದೆಯೆಂದ ಬಳಿಕ ಮರುಕದೊಡನೆ ಕೋಪವೂ ಬಂದಿತು. ಸಜ್ಜನರನ್ನು ಪ್ರೀತಿಸುವ ದೇವರು ದುರ್ಜನರ ಮೇಲೆ ಕೋಪಿಸಲೇಬೇಕು, ಕೋಪಿಸದ ದೇವರಿಗೆ ಯಾರೂ ಅಂಜರು ಎಂದು ನಾಲ್ಕನೆಯ ಶತಮಾನದ ಲ್ಯಾಕ್ಟಾಂಟಿಯಸನು ಸ್ಟೋಯಿಕರಿಗೆ ಉತ್ತರವಿತ್ತನು. ಕೈಕೆಳಗಿನವರ ತಪ್ಪನ್ನು ತಡೆಯಲು ಮನುಷ್ಯನಿಗೂ ಕೋಪವು ಬೇಕೆಂದು ಸೇರಿಸಿದನು. ಅಪಾಯವಿರುವುದು ಇಲ್ಲಿಯೇ. ತನ್ನ ಸಿಟ್ಟನ್ನು ದೇವರ ಕೋಪವೆಂದು ಬಗೆಯುವುದು ಅಧಿಕಾರವುಳ್ಳವನಿಗೆ ಬಲು ಸುಲಭ. ದಂಡಿಸುವವನಲ್ಲಿ ಸಿಟ್ಟಿರಬಾರದೆಂಬ ಸೆನೆಕನ ಮತವೇ ಈ ವಿಷಯದಲ್ಲಿ ಕ್ಷೇಮಕರ.

ಡೊನಾಟಿಸ್ಟರೆಂಬ ಭಿನ್ನಮತೀಯರನ್ನು ವಾದದಿಂದಲೇ ಗೆಲ್ಲಬೇಕೆಂದು ಮೊದಲು ಹೇಳುತ್ತಿದ್ದ ಅಗಸ್ಟೀನನೇ, ಮುಂದೆ ಮಗನನ್ನು ಶಿಕ್ಷಿಸುವ ತಂದೆಯ ದೃಷ್ಟಾಂತವನ್ನು ಕೊಟ್ಟು ಅವರ ಮೇಲೆ ರಾಜದಂಡವೆತ್ತಿದುದನ್ನು ಸಮರ್ಥಿಸಿದನು. 412ರ ಶಾಸನವು ಅವರಿಗೆ ಜುಲ್ಮಾನೆ ವಿಧಿಸಿ ಅವರ ಚರ್ಚುಗಳನ್ನು ಕಸಿದುಕೊಂಡಿತು. ಆದರೆ ತನ್ನ ಕಡೆಯ ಪಾದ್ರಿಯೊಬ್ಬನನ್ನು ಕೊಂದವರಿಗೂ ಮರಣದಂಡನೆ ಬೇಡವೆಂದು ಅಧಿಕಾರಿ ಮಾರ್ಸೆಲ್ಲಿನನಿಗೆ ಕಾಗದ ಬರೆದು ಬೇಡಿಕೊಂಡವನೂ ಇದೇ ಅಗಸ್ಟೀನನು.