ಗಾಡಿ ನಮ್ಮದು, ಹೆಸರು ಯಾರದು?

ಲಾರಿ ಕಸುಬಿಗೆ ನಾವು ಹೊಸಬರಲ್ಲ. ಮೂಟೆ ಹೊತ್ತವರು ನಾವು. ಟೈರು ಬಿಚ್ಚಿದವರು ನಾವು. ಕ್ಲೀನರಾಗಿ ಹಗ್ಗ ಬಿಗಿದವರು, ಡ್ರೈವರಾಗಿ ನಿದ್ದೆಗೆಟ್ಟವರು ನಾವು. ಮಾಲೀಕನ ಜಾಗದಲ್ಲಿ ಹೆಸರು ಬರೆಸಲು ಹೋದಾಗ ಮಾತ್ರ "ನೀ ಯಾರೋ?" ಅಂತ ಕೇಳುತ್ತಾರೆ.

ಹೊಸ ಲಾರಿ ನಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೇ ನಾಲ್ಕು ಜನ ಕೂಡಿ ಸೊಲ್ಲಾಪುರದಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೇ ಲಾರಿಯೊಂದನ್ನು ಮಾತಾಡಿದೆವು. ವಿಜಯಪುರಕ್ಕೆ ತಂದು, ಎಂಜಿನ್ ಬಿಚ್ಚಿ, ಬಾಡಿ ಕಟ್ಟಿ ಓಡಿಸುವ ಆಸೆ. ಕಬ್ಬಿಣದ ಕೆಲಸ ನಮಗೆ ಗೊತ್ತು. ಕಾಗದದ ಕೆಲಸ ದಲ್ಲಾಳಿಗೆ ಗೊತ್ತು. ಅವನು ಹೇಳಿದ್ದಿಷ್ಟು: "ಫಾರಂಗೆ ಸಹಿ ಐತಿ, ಕೀಲಿ ಕೊಟ್ಟೀನಿ. ರಾತ್ರಿ ಹೊಡಕೊಂಡ್ ಹೋಗ್ರಲೇ. ಹೆಸರು ಆಮ್ಯಾಲ ಮಾಡಿಸಿದ್ರಾತು."

ಈ 'ಆಮ್ಯಾಲ' ನಮಗೆ ಹೊಸ ಮಾತಲ್ಲ. ಅಪ್ಪ ಅಜ್ಜಂದಿರು ಉತ್ತ ಹೊಲದ ಪಹಣಿಗೂ ಧಣಿಗಳು ಇದನ್ನೇ ಹೇಳಿದ್ದರು. 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾಗಿ ಉಳುವವನೇ ಒಡೆಯ ಎಂದಾಗ, ಪಹಣಿಯಲ್ಲಿ ಹೆಸರಿಲ್ಲದ ಎಷ್ಟೋ ಜನ ಬರಿಗೈಯಲ್ಲಿ ಉಳಿದರು. ಹೊಲದಲ್ಲಿ ಆದದ್ದು ಈಗ ರಸ್ತೆಯಲ್ಲೂ ಆಗಬೇಕೆ?

ಕಾನೂನು ಏನು ಹೇಳುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ಮಾರಿದವನು ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವನು 30 ದಿನದಲ್ಲಿ ಅರ್ಜಿ ಹಾಕಬೇಕು. ಮಾರಿದ್ದಕ್ಕೆ ಫಾರಂ 29, ಹೆಸರು ಬದಲಿಗೆ ಫಾರಂ 30, ಹೊರರಾಜ್ಯದ ಎನ್.ಓ.ಸಿ.ಗೆ ಫಾರಂ 28, ಹಳೇ ಸಾಲ ತೀರಿದ್ದಕ್ಕೆ ಫಾರಂ 35, ಇಲ್ಲಿಯ ಹೊಸ ನಂಬರಿಗೆ ಫಾರಂ 27. ಪರ್ಮಿಟ್ಟು ಗಾಡಿಯ ಹಿಂದೆ ತಾನಾಗಿ ಬರುವುದಿಲ್ಲ, ಅದಕ್ಕೂ ಕೇಳಬೇಕು. ಗಾಡಿ ನಿಂತಿದ್ದರೂ, ನಿಂತಿದೆ ಎಂದು ಬರೆದು ಕೊಡದಿದ್ದರೆ ತೆರಿಗೆ ಏರುತ್ತಲೇ ಇರುತ್ತದೆ. ಆ ಬಾಕಿ ತೀರದೆ ಎನ್.ಓ.ಸಿ. ಸಿಗುವುದಿಲ್ಲ. 'ಸಸ್ತಾ ಗಾಡಿ' ಯಾಕೆ ಸಸ್ತಾ ಅನ್ನೋದು ಈಗ ತಿಳೀತಲ್ಲ?

ಹೆಸರು ಬದಲಾಗದೆ ಕಂತು ಕಟ್ಟುತ್ತಾ ಹೋದವರ ಗತಿ ಕಂಡಿದ್ದೇವೆ. ಮಾರಿದವನ ಹಳೇ ಸಾಲಕ್ಕೆ ಫೈನಾನ್ಸಿನವರು ಗಾಡಿ ಎಳೆದೊಯ್ದರೆ ನಮ್ಮದು ಎನ್ನಲು ಆಧಾರವಿಲ್ಲ. ಗಾಡಿ ಸುಟ್ಟರೆ, ಕಳುವಾದರೆ, ವಿಮೆ ನಮ್ಮ ಹೆಸರಿನಲ್ಲಿ ಇಲ್ಲದೆ ದುಡ್ಡು ಬರುವುದಿಲ್ಲ. ಮಾರಿದವನೂ ನಗಬೇಕಾಗಿಲ್ಲ. ಗಾಡಿ ಎಷ್ಟು ಕೈ ದಾಟಿದ್ದರೂ ಆರ್.ಸಿ.ಯಲ್ಲಿ ಹೆಸರಿದ್ದವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಇನ್ನು ರಾತ್ರಿ ಹೊಡೆದುಕೊಂಡು ಬರುವ ಮಾತು. ಎಫ್.ಸಿ. ಇಲ್ಲದ ಲಾರಿಯನ್ನು ಸರಿಯಾಗಿ ನೋಂದಣಿಯಾದ ಗಾಡಿ ಎಂದೇ 56ನೇ ಕಲಮು ಒಪ್ಪುವುದಿಲ್ಲ. ವಿಮೆ ಸತ್ತಿದೆ, ಬ್ರೇಕು ನಂಬುವಂತಿಲ್ಲ, ಹಿಂದಿನ ದೀಪವಿಲ್ಲ. "ಯಾರ್ ಹಿಡೀತಾರ?" ಅಂತ ನಮ್ಮೊಳಗೇ ಒಬ್ಬ ಕೇಳಿದ. ಹಿಡಿಯುವವರ ಮಾತು ಬಿಡು ಅಣ್ಣ, ಸಾಯುವವರು ಯಾರು? ಕತ್ತಲಲ್ಲಿ ರಸ್ತೆ ಬದಿ ನಡೆಯುವವರು ಧಣಿಗಳಲ್ಲ. ಕೂಲಿ ಮುಗಿಸಿ ಬರುವ ನಮ್ಮಕ್ಕ, ನಮ್ಮ ತಮ್ಮ. ನಮ್ಮ ಉದ್ಧಾರದ ಗಾಡಿ ನಮ್ಮವರ ಮೇಲೇ ಹಾಯಬೇಕೆ?

ಜಗಳವಾಡಿಯೇ ತೀರ್ಮಾನ ಮಾಡಿದೆವು. ಲಾರಿಯನ್ನು ಇನ್ನೊಂದು ಟ್ರೇಲರಿನ ಮೇಲೆ ಸರಕಿನಂತೆ ಏರಿಸಿ, ನಾಲ್ಕೂ ಕಡೆ ಸರಪಳಿ ಬಿಗಿದು, ಕಾಗದ ಜೊತೆಯಲ್ಲಿಟ್ಟು ಹಗಲಲ್ಲೇ ತಂದೆವು. ಸುಮಾರು ನೂರು ಕಿಲೋಮೀಟರಿನ ಆ ಬಾಡಿಗೆಗೆ ಟೈರಿಗೆ ಇಟ್ಟ ದುಡ್ಡು ಹೋಯಿತು. ಟೈರು ತಡವಾಯಿತು. ತಡವಾಗಲಿ.

ಕಚೇರಿಗಳಿಗೂ ಒಂದು ಮಾತು. ಅರ್ಜಿ ಕಂಪ್ಯೂಟರಿಗೆ ಬಂತು, ದಲ್ಲಾಳಿ ಹೋಗಲಿಲ್ಲ. ನಾವೇ ಹೋದರೆ ಹತ್ತು ತಕರಾರು, ಅವನು ಹೋದರೆ ಒಂದೇ ಸಹಿ. ನಮ್ಮ ಭಯವೇ ಅವನ ಬಂಡವಾಳ. ತಕರಾರು ಏನೆಂದು ಬರೆದು ಕೊಡಿ ಎಂದು ನಾಲ್ವರೂ ಕಿಟಕಿ ಮುಂದೆ ನಿಂತೆವು. ಅವತ್ತು ಅರ್ಜಿ ಒಳಗೆ ಹೋಯಿತು.

ಆದ್ದರಿಂದ ಗೆಳೆಯರೇ, ಹಳೇ ಗಾಡಿ ಕೊಳ್ಳಿ. ಧೈರ್ಯವಾಗಿ ಕೊಳ್ಳಿ. ಆದರೆ ಎಂಜಿನ್ ನೋಡುವ ಮೊದಲು ಆರ್.ಸಿ. ನೋಡಿ. ಚಾಸಿ ನಂಬರನ್ನು ಉಜ್ಜಿ, ಓದಿ, ತಾಳೆ ಹಾಕಿ. ಸಾಲ, ತೆರಿಗೆ, ಎಫ್.ಸಿ., ವಿಮೆಯ ಸ್ಥಿತಿಯನ್ನು ಸರ್ಕಾರದ ವಾಹನ್ ದಾಖಲೆಯಲ್ಲಿ ನೋಡಿ. ಓದು ಬಾರದವರು ಓದುವ ಹುಡುಗರನ್ನು ಜೊತೆಗೆ ಕರೆದೊಯ್ಯಿರಿ. ಖಾಲಿ ಫಾರಂ ಮೇಲಿನ ಸಹಿಗೆ ಪೂರ್ತಿ ದುಡ್ಡು ಕೊಡಬೇಡಿ, ಎನ್.ಓ.ಸಿ. ಕೈಗೆ ಬರುವ ತನಕ ಒಂದು ಪಾಲು ಹಿಡಿದಿಡಿ.

ಕೀಲಿ ಹಿಡಿದವನು ಡ್ರೈವರು. ಹೆಸರಿದ್ದವನು ಮಾಲೀಕ. ಡ್ರೈವರಾಗಿ ಸಾಕಷ್ಟು ದುಡಿದಿದ್ದೇವೆ.